ಶುಂಠಿಯೊಳಗೆ ಏನಿತ್ತು?

ಬಸುರಿ ಹೆಂಗಸೊಬ್ಬಳು ಬೀದಿಯಲ್ಲಿ ನಡೆದು ಹೋದರೆ ಸಾಕು, ನಮ್ಮ ಊರುಗಳ ಜಗುಲಿಯ ಮೇಲೆ ಕೂತವರೆಲ್ಲ ಪಂಡಿತೆಯರಾಗಿಬಿಡುತ್ತಾರೆ. ಹೊಟ್ಟೆ ಮುಂದಕ್ಕೆ ಚೂಪಾಗಿದೆಯೋ ಅಗಲಕ್ಕೆ ಹರಡಿದೆಯೋ, ಏಳುವಾಗ ಯಾವ ಕೈ ಊರಿದಳು, ಮುಖ ಕಳೆಗಟ್ಟಿದೆಯೋ ಬಾಡಿದೆಯೋ, ಹುಳಿ ಬೇಕೆನ್ನುತ್ತಾಳೋ ಸಿಹಿ ಬೇಕೆನ್ನುತ್ತಾಳೋ, ಎಲ್ಲಕ್ಕೂ ಒಂದೊಂದು ಲೆಕ್ಕ. ಲೆಕ್ಕ ಏನೇ ಇರಲಿ, ಉತ್ತರ ಮಾತ್ರ ಸಾಮಾನ್ಯವಾಗಿ ಒಂದೇ. ಕೇಳುವ ಮನೆಯವರಿಗೆ ಯಾವುದು ಬೇಕೋ ಅದು. ಇಂಥ ಭವಿಷ್ಯಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಅವುಗಳಲ್ಲಿ 'ಹೆಣ್ಣು' ಎಂದು ಮುಖದ ಮೇಲೆ ಹೇಳಿದವರು ಇಬ್ಬರೋ ಮೂವರೋ. ಅವರೂ ಆ ಮನೆಯ ಮೇಲೆ ಏನಾದರೂ ಕೋಪ ಇದ್ದ ಓರಗಿತ್ತಿಯರು.

ಒಳಗೆ ಏನಿದೆ ಎಂದು ಕಾಣದಿದ್ದಾಗ ನಾವು ಆಡುವ ಮಾತು ಒಳಗಿರುವುದರ ಸುದ್ದಿಯಲ್ಲ, ನಮ್ಮದೇ ಸುದ್ದಿ. ಇಷ್ಟು ತಿಳಿದಿದ್ದರೆ ಈ ಕಾಲದ ಒಂದು ದೊಡ್ಡ ಗದ್ದಲವನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ ಎಂದು ನನಗೆ ಅನ್ನಿಸುತ್ತದೆ. ಇನ್ನೂ ಮಾರುಕಟ್ಟೆಗೆ ಬಾರದ ಯಂತ್ರಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ನಡೆಯುವ ಊಹಾಪೋಹವನ್ನು ಕುರಿತು ಹೇಳುತ್ತಿದ್ದೇನೆ. ನನ್ನ ತಂಗಿಯ ಮಗನಿಗೆ ಇದೇ ಹುಚ್ಚು. ಮುಂದಿನ ವರ್ಷ ಬರಲಿರುವ ಫೋನಿನ ಬೆನ್ನ ಮೇಲೆ ಎಷ್ಟು ಕಣ್ಣುಗಳಿರುತ್ತವೆ, ಪಕ್ಕದಲ್ಲಿ ಇರುವ ಗುಂಡಿ ಯಾತಕ್ಕೆ, ತಯಾರಿಸಿದವರು ಬಾಯಿಬಿಡದೆ ಒಳಗೆ ಏನನ್ನು ಅಡಗಿಸಿಟ್ಟಿದ್ದಾರೆ ಎಂಬುದೆಲ್ಲ ಅವನಿಗೆ ಗೊತ್ತು. ಕೈಯಲ್ಲಿರುವ ಫೋನಿನಲ್ಲಿ ಏನಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಅದು ಬಂದಾಯಿತಲ್ಲ, ಇನ್ನೇನು?

ಇದನ್ನು ನಕ್ಕು ಬಿಟ್ಟುಬಿಡಬಹುದು. ಆದರೆ ಕಥೆ ಕಾದಂಬರಿಗಳನ್ನು ಓದುವಷ್ಟೇ ಗಮನ ಕೊಟ್ಟು ಈ ಊಹೆಗಳನ್ನೂ ಓದಬೇಕು ಎನ್ನುವವಳು ನಾನು. ಇವೂ ಒಂದು ಬಗೆಯ ಕಥನವೇ. ಸಾವಿರಾರು ಜನ ಸೇರಿ ಬರೆಯುವ, ಕರ್ತೃವಿನ ಹೆಸರಿಲ್ಲದ ಕಥನ. ಅದರಲ್ಲಿ ಏನು ಬಂತು, ಏನು ಬರಲಿಲ್ಲ, ಯಾರಿಗೆ ಜಾಗವಿತ್ತು, ಯಾರಿಗೆ ಇರಲಿಲ್ಲ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಈ ಪ್ರಕಾರದಲ್ಲಿ ಇಲ್ಲಿಯವರೆಗೆ ಬಂದವುಗಳಲ್ಲಿ ಮಹಾಕಾವ್ಯ ಎನ್ನಬಹುದಾದದ್ದು ಒಂದಿದೆ. ಅದು ಅಮೆರಿಕದಲ್ಲಿ 2001ರಲ್ಲಿ ನಡೆಯಿತು.

ಆ ವರ್ಷದ ಜನವರಿಯಲ್ಲಿ ಒಂದು ಸುದ್ದಿ ಹೊರಬಿತ್ತು. ಡೀನ್ ಕೇಮನ್ ಎಂಬ ಸಂಶೋಧಕ ಗುಟ್ಟಾಗಿ ಏನನ್ನೋ ತಯಾರಿಸುತ್ತಿದ್ದಾನೆ, ಅದರ ಬಗ್ಗೆ ಸ್ಟೀವ್ ಕೆಂಪರ್ ಎಂಬ ಲೇಖಕರು ಬರೆಯಲಿರುವ ಪುಸ್ತಕಕ್ಕೆ ಹಾರ್ವರ್ಡಿನ ಪ್ರಕಾಶನ ಸಂಸ್ಥೆ 2,50,000 ಡಾಲರ್ ಕೊಡಲು ಒಪ್ಪಿದೆ ಎಂದು. ಪುಸ್ತಕ ಯಾತರ ಬಗ್ಗೆ ಎಂದು ಪ್ರಕಾಶಕರಿಗೂ ಸರಿಯಾಗಿ ಹೇಳಿರಲಿಲ್ಲ. ವಸ್ತುವಿಗೆ ಎರಡು ಗುಪ್ತನಾಮಗಳಿದ್ದವು. ಒಂದು 'ಜಿಂಜರ್'. ನಮ್ಮ ಭಾಷೆಯಲ್ಲಿ ಶುಂಠಿ. ಇನ್ನೊಂದು 'ಇಟ್', ಅಂದರೆ ಬರೀ 'ಅದು'. ಗಂಡನ ಹೆಸರು ಬಾಯಲ್ಲಿ ಹೇಳದ ನಮ್ಮ ಅಜ್ಜಿಯರ ಹಾಗೆ ಅಮೆರಿಕದವರೂ ತಿಂಗಳುಗಟ್ಟಲೆ 'ಅದು', 'ಅದು' ಎಂದೇ ಮಾತಾಡಿದರು.

ಪುಸ್ತಕದ ಪ್ರಸ್ತಾವನೆಯಲ್ಲಿದ್ದ ಕೆಲವು ಮಾತುಗಳು ಸೋರಿಹೋಗಿದ್ದವು. 'ಅದ'ನ್ನು ಕಂಡ ಮೂವರು ದೊಡ್ಡವರ ಅಭಿಪ್ರಾಯ ಅದರಲ್ಲಿತ್ತು. ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್, ಮುಂದೆ ನಗರಗಳನ್ನೇ ಇದಕ್ಕೆ ಹೊಂದುವಂತೆ ಕಟ್ಟುತ್ತಾರೆ ಎಂಬರ್ಥದ ಮಾತು ಹೇಳಿದ್ದರಂತೆ. ಇಂಟರ್ನೆಟ್ಟಿಗಿಂತ ದೊಡ್ಡದಾಗಬಹುದು ಎಂದು ಬಂಡವಾಳಗಾರ ಜಾನ್ ಡೋರ್ ಹೇಳಿದ್ದರಂತೆ. ಅಮೆಜಾನಿನ ಜೆಫ್ ಬೆಜೋಸ್ ಅವರದು ಸ್ವಲ್ಪ ಬೇರೆ ಮಾತು. ಮಾರುವುದೇನೋ ಕಷ್ಟವಲ್ಲ, ಆದರೆ ಜನ ಇದನ್ನು ಬಳಸಲು ಬಿಡುತ್ತಾರೆಯೇ ಎಂದು. ಇಷ್ಟರ ಜೊತೆಗೆ ಒಂದು ಸಣ್ಣ ವಿವರ. ಇದರ ಬಿಡಿಭಾಗಗಳು ಒಂದೆರಡು ದೊಡ್ಡ ಚೀಲ, ಕೆಲವು ರಟ್ಟಿನ ಪೆಟ್ಟಿಗೆಗಳಲ್ಲಿ ಹಿಡಿಯುತ್ತವೆ, ಸ್ಕ್ರೂಡ್ರೈವರ್ ಹಿಡಿದು ಹತ್ತು ನಿಮಿಷದಲ್ಲಿ ಜೋಡಿಸಬಹುದು. ಒಳ್ಳೆಯ ಕಥೆಗಾರರಿಗೆ ಗೊತ್ತಿರುವ ಗುಟ್ಟು ಇದು. ದೊಡ್ಡ ಸುಳ್ಳನ್ನೂ ದೊಡ್ಡ ಸತ್ಯವನ್ನೂ ಹೊತ್ತು ನಿಲ್ಲುವುದು ಇಂಥ ಒಂದು ಚಿಕ್ಕ ಚೀಲವೇ.

ಶುರುವಾಯಿತು ನೋಡಿ. ನೀರಿನಿಂದಲೇ ಓಡುವ ಎಂಜಿನ್ ಇರಬೇಕು ಎಂದರು. ಜಲಜನಕದ್ದು ಎಂದರು. ಕೇಮನ್‌ಗೆ ಸ್ಟರ್ಲಿಂಗ್ ಎಂಜಿನ್ನಿನಲ್ಲಿ ಆಸಕ್ತಿ ಇದೆ, ಅದೇ ಇರಬೇಕು ಎಂದು ಸ್ವಲ್ಪ ಓದಿಕೊಂಡವರು ಹೇಳಿದರು. ನೆಲಕ್ಕೆ ತಾಗದೆ ತೇಲುವ ಸ್ಕೂಟರ್ ಎಂದರು, ಗುರುತ್ವಾಕರ್ಷಣೆಯನ್ನೇ ಗೆದ್ದಿದ್ದಾನೆ ಎಂದರು, ಇಲ್ಲಿ ಮಾಯವಾಗಿ ಅಲ್ಲಿ ಪ್ರತ್ಯಕ್ಷವಾಗುವ ಯಂತ್ರ ಎಂದವರೂ ಇದ್ದರು. ಕೆಲವರು ಜಾಣತನದಿಂದ ಪೇಟೆಂಟಿನ ಕಾಗದಗಳನ್ನು ಹುಡುಕಿ ತೆಗೆದರು. ಅಲ್ಲಿ ಎರಡು ಗಾಲಿಯ ಗಾಡಿಯೊಂದರ ಮೇಲೆ ಮನುಷ್ಯರು ನಿಂತಿರುವ ರೇಖಾಚಿತ್ರವಿತ್ತು. ಉತ್ತರ ಎಂದರೆ ಅದೇ. ಆದರೆ ಅದನ್ನು ಕಂಡ ಹಲವರಿಗೆ ನಂಬಿಕೆ ಬರಲಿಲ್ಲ. ಇಷ್ಟೇ ಇದ್ದರೆ ಇಷ್ಟೊಂದು ಗುಟ್ಟು ಯಾಕೆ, ಒಳಗೆ ಬೇರೆ ಏನೋ ಇರಲೇಬೇಕು ಎಂದರು. ಸರಿಯಾದ ಉತ್ತರ ಕೈಗೆ ಸಿಕ್ಕರೂ, ಅದು ಚಿಕ್ಕದು ಎಂಬ ಒಂದೇ ಕಾರಣಕ್ಕೆ ಅದನ್ನು ಪಕ್ಕಕ್ಕಿಟ್ಟು ಮುಂದೆ ಹುಡುಕುವುದು ಈ ಕಥನಪ್ರಕಾರದ ಲಕ್ಷಣ ಎಂದೇ ನಾನು ತಿಳಿದಿದ್ದೇನೆ. ನಿರೀಕ್ಷೆ ಮಿತಿ ಮೀರುತ್ತಿದೆ ಎಂದು ಕೇಮನ್ ಪ್ರಕಟಣೆ ಕೊಟ್ಟರೂ ಕೇಳುವವರಿರಲಿಲ್ಲ. ಅಲ್ಲ ಎಂದಷ್ಟೂ ಹೌದು ಎಂದೇ ಅರ್ಥ. ನಿಶ್ಚಿತಾರ್ಥದ ಸುದ್ದಿಯನ್ನು ಹುಡುಗಿಯ ತಾಯಿ ಅಲ್ಲಗಳೆದ ಹಾಗೆ.

ಸೋರಿಹೋದ ಪುಟಗಳಲ್ಲಿ ಹೊಗಳಿಕೆ ಮಾತ್ರ ಇತ್ತು, ಹಿಂಜರಿಕೆ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಕೆಂಪರ್ ಅವರ ಪುಸ್ತಕ 2003ರಲ್ಲಿ ಹೊರಬಂದಾಗ ನೋಡಿದರೆ, ಮುಚ್ಚಿದ ಬಾಗಿಲ ಹಿಂದಿನ ಸಭೆಯಲ್ಲಿ ಇದೇ ಜಾಬ್ಸ್ ಆ ಯಂತ್ರದ ರೂಪವನ್ನು ಮುಲಾಜಿಲ್ಲದೆ ಹೀಗಳೆದಿದ್ದರು. ಊಹೆಯ ಮೂಲದಲ್ಲಿದ್ದ ಕಾಗದವೇ ಅರ್ಧ ಕಾಗದ. ಮದುವೆ ದಲ್ಲಾಳಿ ತರುವ ಜಾತಕದ ಹಾಗೆ, ಕೂಡಿಬರುವ ಮನೆಗಳನ್ನಷ್ಟೇ ಬರೆದುಕೊಂಡು ಬಂದದ್ದು.

2001ರ ಡಿಸೆಂಬರ್ 3ರ ಬೆಳಿಗ್ಗೆ ಟೆಲಿವಿಷನ್ನಿನಲ್ಲಿ ಪರದೆ ಸರಿಸಿದರು. ಅಕ್ಕಪಕ್ಕ ಎರಡು ಗಾಲಿ, ನಡುವೆ ನಿಲ್ಲಲು ಒಂದು ಹಲಗೆ, ಮುಂದೆ ಹಿಡಿದುಕೊಳ್ಳಲು ಒಂದು ಹಿಡಿ. ಮುಂದಕ್ಕೆ ಬಾಗಿದರೆ ಮುಂದಕ್ಕೆ, ಹಿಂದಕ್ಕೆ ಬಾಗಿದರೆ ಹಿಂದಕ್ಕೆ. ಗಂಟೆಗೆ 20 ಕಿಲೋಮೀಟರಿನಷ್ಟು ವೇಗ. ಹೆಸರು ಸೆಗ್ವೇ. ನಮ್ಮಲ್ಲೂ ದೊಡ್ಡ ಮಾಲುಗಳಲ್ಲಿ ಕಾವಲಿನವರು ಇಂಥದ್ದರ ಮೇಲೆ ನಿಂತು, ಗರುಡಗಂಬ ನಡೆದು ಬಂದ ಹಾಗೆ ಬರುವುದನ್ನು ನೀವು ನೋಡಿರಬಹುದು.

ಇಷ್ಟೇನಾ, ಎಂದಿತು ದೇಶ.

ಅದು ಇಷ್ಟೇ ಆಗಿರಲಿಲ್ಲ ಎಂಬುದು ಬೇರೆ ಮಾತು. ಎರಡೇ ಗಾಲಿಯ ಮೇಲೆ ನಿಂತವರು ಬೀಳದಂತೆ ಆ ಗಾಡಿ ತನ್ನನ್ನು ತಾನೇ ಸರಿತೂಗಿಸಿಕೊಳ್ಳುತ್ತಿತ್ತು. ಒಳಗೆ ಐದು ಗೈರೋಸ್ಕೋಪುಗಳಿದ್ದವು. ಒಂದು ಕ್ಷಣದಲ್ಲಿ ಎಷ್ಟೋ ಸಲ ನಿಂತವರ ವಾಲುವಿಕೆಯನ್ನು ಅಳೆದು, ಬೀಳುವ ದಿಕ್ಕಿಗೆ ಗಾಲಿಯನ್ನು ಅಷ್ಟಷ್ಟೇ ಸರಿಸುತ್ತಿದ್ದವು. ಕೊಡ ಹೊತ್ತು ನಡೆಯುವ ಹೆಣ್ಣುಮಗಳ ಕುತ್ತಿಗೆ ಮಾಡುವ ಕೆಲಸ ಅದು. ಆದರೆ ಹಾರುವ ಯಂತ್ರವನ್ನು ಕಾದು ಕೂತವರಿಗೆ ಬೀಳದ ಯಂತ್ರದಲ್ಲಿ ಏನು ರುಚಿ? ಬೆಲೆ ಬೇರೆ ಸುಮಾರು 5,000 ಡಾಲರ್. ಆಗ ನಮ್ಮಲ್ಲಿ ಒಂದು ಮಾರುತಿ 800 ಕಾರಿನ ಆಸುಪಾಸು. ತಿಂಗಳಿಗೆ 40,000 ತಯಾರಿಸುವಂಥ ಕಾರ್ಖಾನೆ ಕಟ್ಟಿದ್ದರು. 2003ರ ಸೆಪ್ಟೆಂಬರಿನಲ್ಲಿ, ಬ್ಯಾಟರಿ ಇಳಿದಾಗ ಸವಾರರು ಬೀಳುತ್ತಾರೆಂದು ಮಾರಿದ ಗಾಡಿಗಳನ್ನೆಲ್ಲ ರಿಪೇರಿಗೆ ಕರೆಸಿದಾಗ ಲೆಕ್ಕ ಹೊರಬಂತು. ಒಟ್ಟು ಸುಮಾರು 6,000. ಬೆಜೋಸ್ ಕೇಳಿದ್ದ ಪ್ರಶ್ನೆಯೂ ನಿಜವಾಯಿತು. ಸ್ಯಾನ್ ಫ್ರಾನ್ಸಿಸ್ಕೋ ನಗರ ತನ್ನ ಕಾಲುದಾರಿಗಳಲ್ಲಿ ಇದು ಬರಕೂಡದೆಂದು ನಿಷೇಧಿಸಿತು. 2020ರ ಜುಲೈಯಲ್ಲಿ ತಯಾರಿಕೆ ನಿಂತಿತು. ಸುಮಾರು ಹತ್ತೊಂಬತ್ತು ವರ್ಷಗಳಲ್ಲಿ ಮಾರಿದ್ದು 1,40,000ದಷ್ಟು.

ಸೆಗ್ವೇ ಸೋತದ್ದಕ್ಕೆ ಊಹಾಪೋಹವೊಂದೇ ಕಾರಣ ಎಂದು ನಾನು ಹೇಳಲಾರೆ. ಬೆಲೆ ಇತ್ತು, ತೂಕ ಇತ್ತು, ಎಲ್ಲಿ ಓಡಿಸಬೇಕೆಂಬ ಗೊಂದಲ ಇತ್ತು. ನನ್ನ ತಕರಾರು ಬೇರೆ. ಶುಂಠಿ ಎಂಬ ಹೆಸರು ಎಲ್ಲಿಂದ ಬಂತು ಎಂದು ಆ ಸಾವಿರಾರು ಊಹೆಗಾರರು ಒಂದು ಕ್ಷಣ ನಿಂತು ಕೇಳಿದ್ದರೆ ಸಾಕಿತ್ತು. ಅದು ಅಡುಗೆಮನೆಯ ಶುಂಠಿಯಲ್ಲ. ಹಳೆಯ ಹಾಲಿವುಡ್ ಸಿನಿಮಾಗಳಲ್ಲಿ ಫ್ರೆಡ್ ಆಸ್ಟೇರ್ ಎಂಬ ನರ್ತಕನ ಜೋಡಿಯಾಗಿ ಕುಣಿಯುತ್ತಿದ್ದ ಜಿಂಜರ್ ರಾಜರ್ಸ್ ಎಂಬ ನಟಿಯ ಹೆಸರು. ಜಿಂಜರ್ ಇದ್ದ ಮೇಲೆ ಫ್ರೆಡ್ ಇರಲೇಬೇಕಲ್ಲ? ಇದ್ದ. ಎಲ್ಲರ ಕಣ್ಣೆದುರೇ ಇದ್ದ. ಅದೊಂದು ಗಾಲಿಕುರ್ಚಿ.

ಕೇಮನ್ ಮೂಲತಃ ವೈದ್ಯಕೀಯ ಉಪಕರಣಗಳ ಮನುಷ್ಯ. ಓದುತ್ತಿದ್ದ ಕಾಲದಲ್ಲೇ, ವೈದ್ಯನಾಗುತ್ತಿದ್ದ ಅಣ್ಣ ಹೇಳಿದ ತೊಂದರೆ ಕೇಳಿ, ಔಷಧಿಯನ್ನು ಅಳತೆಯಲ್ಲಿ ತಾನೇ ದೇಹಕ್ಕೆ ಬಿಡುವ ಚಿಕ್ಕ ಪಂಪನ್ನು ಮಾಡಿದವನು. ಗಾಲಿಕುರ್ಚಿಯಲ್ಲಿದ್ದ ಒಬ್ಬಾತ ರಸ್ತೆ ಬದಿಯ ಕಲ್ಲಿನ ಅಂಚು ಹತ್ತಲಾಗದೆ ಒದ್ದಾಡುವುದನ್ನು ನೋಡಿ, ಇದಕ್ಕೆ ಏನಾದರೂ ಮಾಡಬೇಕೆಂದು ಹೊರಟವನು. ಆ ಹುಡುಕಾಟದಿಂದ ಬಂದದ್ದು ಐಬಾಟ್ ಎಂಬ ಕುರ್ಚಿ. ಅದರ ಗುಪ್ತನಾಮ ಫ್ರೆಡ್. ಎರಡು ಜೊತೆ ಗಾಲಿಗಳು ಒಂದರ ಮೇಲೊಂದು ಉರುಳಿ ಮೆಟ್ಟಿಲು ಹತ್ತುತ್ತಿದ್ದವು, ಇಳಿಯುತ್ತಿದ್ದವು. ಅಷ್ಟೇ ಅಲ್ಲ, ಕುರ್ಚಿ ಎರಡೇ ಗಾಲಿಯ ಮೇಲೆ ಎದ್ದು ನಿಲ್ಲುತ್ತಿತ್ತು. ಅದರಲ್ಲಿ ಕೂತವರು ಎದುರು ನಿಂತವರ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬಹುದಿತ್ತು. ಇದನ್ನು 1999ರಲ್ಲೇ, ಅಂದರೆ ಗದ್ದಲಕ್ಕೆ ಒಂದೂವರೆ ವರ್ಷ ಮುಂಚೆಯೇ, ಟೆಲಿವಿಷನ್ನಿನಲ್ಲಿ ತೋರಿಸಿದ್ದರು. ಜಿಂಜರ್ ಎಂದರೆ ಈ ಕುರ್ಚಿಯ ಸರಿತೂಗುವ ವಿದ್ಯೆಯನ್ನೇ ತೆಗೆದು ನಡೆಯಬಲ್ಲವರಿಗಾಗಿ ಮಾಡಿದ ಗಾಡಿ. ಗುಟ್ಟಿನ ಒಳಗಿನ ಗುಟ್ಟು ಇದೇ. ಅದು ಗುಟ್ಟಾಗಿರಲೇ ಇಲ್ಲ.

ಕೆಲವರು ಇದನ್ನು ಸರಿಯಾಗಿ ಹಿಡಿದಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಗದ್ದಲ ನಡೆದದ್ದು ಅವರ ಮಾತಿನಿಂದಲ್ಲ. ಮೆಟ್ಟಿಲು ಹತ್ತುವ ಕುರ್ಚಿ ಎಂಬುದು ಹಾರುವ ಸ್ಕೂಟರಿಗಿಂತ ಕಡಿಮೆ ಪವಾಡವೇನಲ್ಲ. ಆದರೂ ಊಹೆ ಮಾಡುತ್ತಿದ್ದವರಲ್ಲಿ ಹೆಚ್ಚಿನವರಿಗೆ ಅದು ಪವಾಡವಾಗಿ ಕಾಣಿಸಲಿಲ್ಲ. ಅವರಿಗೆ ಮೆಟ್ಟಿಲು ಒಂದು ತೊಂದರೆಯಾಗಿರಲಿಲ್ಲವಲ್ಲ.

ಮೆಟ್ಟಿಲು ಎಂದರೇನು ಎಂದು ನಾನು ಕಲಿತದ್ದು ನಮ್ಮತ್ತೆಯಿಂದ. ಸೊಂಟದ ಮೂಳೆ ಮುರಿದ ಮೇಲೆ ಅವರು ಏಳು ವರ್ಷ ಗಾಲಿಕುರ್ಚಿಯಲ್ಲಿದ್ದರು. ನಮ್ಮ ಮನೆಗೆ ಮುಂದೆ ಮೂರು ಮೆಟ್ಟಿಲು. ಮೂರೇ. ಮದುವೆ ಮುಂಜಿಗೆ ಅವರ ಇಬ್ಬರು ಗಂಡುಮಕ್ಕಳು ಕುರ್ಚಿ ಸಮೇತ ಎತ್ತಿ ಕೆಳಗಿಳಿಸುತ್ತಿದ್ದರು. ಅತ್ತೆ ಆಗ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು. ಬೀಳುವ ಭಯಕ್ಕಲ್ಲ, ಎದುರು ಮನೆಯವರು ನೋಡುತ್ತಾರೆಂದು. "ನೋಡೇ, ಈ ಕುರ್ಚೀಲಿ ಕೂತ ಮೇಲೆ ಜನರ ಮುಖಾನೇ ಮರೆತುಹೋಯ್ತು. ಎಲ್ಲಾರ ಹೊಟ್ಟೆ ಜೊತೇಲಿ ಮಾತಾಡಿದ ಹಾಗಾಗುತ್ತೆ" ಎಂದು ಒಮ್ಮೆ ಹೇಳಿದರು. ಕೊನೆಗೆ ಗಾರೆಯವನನ್ನು ಕರೆಸಿ ಮೆಟ್ಟಿಲ ಪಕ್ಕ ಒಂದು ಇಳಿಜಾರು ಮಾಡಿಸಿದೆವು. ಎರಡು ಮೂಟೆ ಸಿಮೆಂಟು, ಒಂದು ದಿನದ ಕೆಲಸ. ಅದು ಒಣಗಿದ ಮಾರನೇ ದಿನ ಅತ್ತೆ ದೇವಸ್ಥಾನಕ್ಕೆ ಹೋಗುತ್ತಾರೆಂದುಕೊಂಡಿದ್ದೆವು. ಅವರು ಹೋದದ್ದು ಎದುರು ಮನೆಗೆ, ಅವರು ಹೊಸದಾಗಿ ಹಾಕಿಸಿದ್ದ ಅಡುಗೆಕಟ್ಟೆ ನೋಡುವುದಕ್ಕೆ. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವ ಕುರ್ಚಿಯೊಂದು ಎಲ್ಲೋ ತಯಾರಾಗಿದೆ ಎಂದು ನಾನು ಓದಿದಾಗ ಅವರು ಇರಲಿಲ್ಲ.

ಹೀಗೆಂದು ಊಹೆಯೆಲ್ಲ ಬರೀ ಆಸೆಯ ಮಾತು ಎಂದುಕೊಳ್ಳಬೇಡಿ. ಭಯವೂ ಊಹೆ ಮಾಡುತ್ತದೆ, ಮತ್ಸರವೂ ಮಾಡುತ್ತದೆ. ಅದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. 2016ರ ನವೆಂಬರ್ 8ರ ರಾತ್ರಿ 500, 1,000 ರೂಪಾಯಿಯ ನೋಟುಗಳು ಹೋದವಲ್ಲ, ಆಗ ಹೊಸ 2,000ದ ನೋಟು ಇನ್ನೂ ನಮ್ಮ ಯಾರ ಕೈಗೂ ಬರುವ ಮೊದಲೇ ಅದೊಂದು ಯಂತ್ರವಾಗಿಬಿಟ್ಟಿತ್ತು. ಒಳಗೆ ನ್ಯಾನೋ ಚಿಪ್ ಇದೆಯಂತೆ, ಉಪಗ್ರಹಕ್ಕೆ ಸಂಕೇತ ಕಳಿಸುತ್ತದಂತೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಪತ್ತೆಯಾಗುತ್ತದಂತೆ. ಮೊಬೈಲಿನಲ್ಲಿ ಹಬ್ಬಿದ ಈ ಮಾತನ್ನು ಸುದ್ದಿವಾಹಿನಿಗಳೂ ಗಂಭೀರವಾಗಿ ಹೇಳಿದವು. ಆ ನೋಟು ಅಚ್ಚಾಗುತ್ತಿದ್ದ ಜಾಗಗಳಲ್ಲಿ ನಮ್ಮ ಮೈಸೂರೂ ಒಂದು. ಆದರೂ ಒಳಗೇನಿದೆ ಎಂದು ನಮಗೆ ಹೇಳಿದ್ದು ಮೊಬೈಲು.

ಈ ಊಹೆಯನ್ನು ಯಾರು ಹೇಗೆ ಹೇಳುತ್ತಿದ್ದರು ಎಂಬುದನ್ನು ನಾನು ಗಮನಿಸಿದ್ದೇನೆ. ಗಂಡಸರು ಖುಷಿಯಿಂದ ಹೇಳುತ್ತಿದ್ದರು. ಅವರ ಮನಸ್ಸಿನಲ್ಲಿ ಯಾವನೋ ಗುತ್ತಿಗೆದಾರನ ಮನೆಯ ಹಾಸುಗಲ್ಲು ಏಳುತ್ತಿತ್ತು. ಹೆಂಗಸರು ಕೇಳಿ ಸುಮ್ಮನಾಗುತ್ತಿದ್ದರು. ತೊಗರಿಬೇಳೆ ಡಬ್ಬದ ತಳದಲ್ಲಿ, ರೇಷ್ಮೆ ಸೀರೆಯ ಮಡಿಕೆಯಲ್ಲಿ, ದೇವರ ಪಟದ ಹಿಂದೆ ಇದ್ದದ್ದು ಆ ವಾರ ಹೊರಗೆ ಬಂದಾಗಿತ್ತು. ಹದಿನೈದು ವರ್ಷ ಕೂಡಿಟ್ಟದ್ದನ್ನು ಗಂಡನ ಕೈಗೆ ಕೊಟ್ಟು, "ಇಷ್ಟೊಂದು ಎಲ್ಲಿತ್ತೇ?" ಎಂದು ಕೇಳಿಸಿಕೊಂಡಾಗಿತ್ತು. ಇನ್ನು ಮುಂದೆ ಬೇಳೆ ಡಬ್ಬವನ್ನೂ ಆಕಾಶದಿಂದ ನೋಡುತ್ತಾರೆ ಎಂದರೆ ಅವರಿಗೆ ಅದು ತಮಾಷೆಯ ಸುದ್ದಿಯಲ್ಲ. ನೋಟು ಕೈಗೆ ಬಂತು. ಮಕ್ಕಳು ಬೆಳಕಿಗೆ ಹಿಡಿದರು, ಉಗುರಿನಿಂದ ಕೆರೆದರು. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಬಣ್ಣ ಬಿಡುತ್ತದೆ ಎಂಬುದೊಂದು ಮಾತ್ರ ಪತ್ತೆಯಾಯಿತು. ಚಿಪ್ ಇರಲಿಲ್ಲ. 2023ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಆ ನೋಟನ್ನೂ ಹಿಂದಕ್ಕೆ ಕರೆಯಿತು.

ಈಗಿನ ಫೋನುಗಳ ಊಹೆಗಳಿಗೆ ಬಂದರೆ, ಅವಕ್ಕೆ ಶುಂಠಿಯ ಕಾಲದ ಹುಚ್ಚು ಧೈರ್ಯವೂ ಇಲ್ಲ. ಕವಚ ತಯಾರಿಸುವವರಿಗೆ ಮೊದಲೇ ಹೋಗುವ ಅಳತೆಗಳು, ಕಾರ್ಖಾನೆಯಿಂದ ಹೊರಬೀಳುವ ಬಿಡಿಭಾಗದ ಚಿತ್ರಗಳು, ಸಾಫ್ಟ್‌ವೇರಿನಲ್ಲಿ ಮರೆತು ಉಳಿದ ಒಂದು ಪದ ಹಿಡಿದು ಹೇಳುತ್ತಾರೆ. ಪಕ್ಕದ ಮನೆಯವರ ತರಕಾರಿ ಚೀಲ ನೋಡಿ ಹಬ್ಬದ ಅಡುಗೆ ಹೇಳುವ ಹಾಗೆ. ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. 2010ರಲ್ಲಂತೂ ಬಿಡುಗಡೆಯಾಗದ ಐಫೋನನ್ನು ಕ್ಯಾಲಿಫೋರ್ನಿಯಾದ ಒಂದು ಬಾರಿನಲ್ಲಿ ಯಾರೋ ಮರೆತು ಬಂದು ಊಹೆಗೇ ಜಾಗವಿಲ್ಲದೆ ಹೋಯಿತು. ಸರಿಯಾಗಿದ್ದೂ ಈ ಬರಹಗಳು ಯಾಕೆ ಇಷ್ಟು ಸಪ್ಪೆ? ಇನ್ನೂ ತೆಳ್ಳಗೆ, ಇನ್ನೂ ವೇಗ, ಇನ್ನೊಂದು ಕಣ್ಣು. ಇದ್ದದ್ದನ್ನೇ ಎಳೆದು ಉದ್ದ ಮಾಡಿದ ಆಸೆ ಅದು. ಹಿಟ್ಟು ಮೆತ್ತಿದ ಕೈಯಲ್ಲಿ ಹೇಗೆ ಎತ್ತುವುದು, ಓದು ಬಾರದ ಅಜ್ಜಿ ಮಗಳಿಗೆ ಹೇಗೆ ಫೋನು ಮಾಡುವುದು, ಕದ್ದು ನೋಡುವ ಗಂಡನ ಕಣ್ಣಿಗೆ ಬೀಳದಂತೆ ಒಬ್ಬಳು ಹೇಗೆ ಸಹಾಯ ಕೇಳುವುದು, ಇಂಥದ್ದೊಂದು ಮುಂದಿನ ಫೋನಿನಲ್ಲಿ ಅಡಗಿದೆಯಂತೆ ಎಂದು ಉಸಿರು ಬಿಗಿಹಿಡಿದು ಬರೆದವರನ್ನು ನಾನಂತೂ ಕಂಡಿಲ್ಲ. ತಂಗಿಯ ಮಗನನ್ನು ಕೇಳಿದೆ. "ಅದೆಲ್ಲ ಫೀಚರ್ ಅಲ್ಲ ದೊಡ್ಡಮ್ಮ" ಎಂದ.

ಹಾಗಾದರೆ ಯಾವುದು ಫೀಚರ್, ಯಾವುದು ಅಲ್ಲ ಎಂದು ತೀರ್ಮಾನಿಸುವವರು ಯಾರು? ಐಬಾಟ್ ಕುರ್ಚಿಗೆ ಮುಂದೆ ಏನಾಯಿತು ಎಂದು ನೋಡಿದರೆ ಇದಕ್ಕೆ ಒಂದು ಉತ್ತರ ಸಿಗುತ್ತದೆ. 2003ರ ಆಗಸ್ಟಿನಲ್ಲಿ ಅದಕ್ಕೆ ಅಮೆರಿಕ ಸರ್ಕಾರದ ಅನುಮತಿ ಸಿಕ್ಕಿತು. ಬೆಲೆ 25,000 ಡಾಲರಿಗೂ ಮೇಲೆ. ಕೈಯಿಂದ ಕೊಟ್ಟು ಕೊಳ್ಳುವಂಥದ್ದಲ್ಲ, ವಿಮೆಯ ಹಣ ಬೇಕು. ಅಲ್ಲಿ ವಯಸ್ಸಾದವರಿಗೂ ಅಂಗವಿಕಲರಿಗೂ ಇರುವ ಸರ್ಕಾರಿ ಆರೋಗ್ಯವಿಮೆಯವರು 2006ರಲ್ಲಿ ಕುರ್ಚಿಯ ಗುಣಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ಪರಿಶೀಲಿಸಿದರು. ಸಾಧಾರಣ ಗಾಲಿಕುರ್ಚಿಯಂತೆ ಓಡುವುದು ಸರಿ, ಅದಕ್ಕೆ ಹಣ ಕೊಡಬಹುದು ಎಂದರು. ಮೆಟ್ಟಿಲು ಹತ್ತುವುದು ಅಗತ್ಯದ ಪಟ್ಟಿಗೆ ಸೇರಲಿಲ್ಲ. ಎರಡು ಗಾಲಿಯ ಮೇಲೆ ಎದ್ದು ನಿಂತವರ ಎತ್ತರಕ್ಕೆ ಬರುವುದೂ ಸೇರಲಿಲ್ಲ. ಊಹೆಯ ಲೋಕದಲ್ಲಿ ಇಲ್ಲದ ಗುಣಗಳನ್ನು ದಿನಕ್ಕೊಂದರಂತೆ ಸೇರಿಸುತ್ತಿದ್ದರಲ್ಲ, ಇಲ್ಲಿ ಇದ್ದ ಗುಣಗಳಿಗೇ ಅಡ್ಡಗೀಟು ಬಿತ್ತು. 2009ರಲ್ಲಿ ಕುರ್ಚಿಯ ತಯಾರಿಕೆಯನ್ನು ನಿಲ್ಲಿಸಿದರು.

ಇದರ ನಡುವೆ ಸೆಗ್ವೇ ಒಂದು ಸುತ್ತು ಬಳಸಿ ಹಳೆಯ ಮನೆಗೇ ಹೋಯಿತು. ನಿಲ್ಲಬಲ್ಲ, ಆದರೆ ದೂರ ನಡೆಯಲಾಗದ ಜನ ಅದನ್ನು ಹುಡುಕಿಕೊಂಡು ಬಂದರು. ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೆ ಸೆಗ್ವೇ ಕೊಡಿಸುವ ಒಂದು ಸೇವಾಕಾರ್ಯವೇ ಅಲ್ಲಿ ಬೆಳೆಯಿತು. ಅವರಿಗೆ ಅದು ಮಾಲಿನ ಕಾವಲಿನವನ ಗಾಡಿಯಲ್ಲ, ನಿಂತುಕೊಂಡೇ ಎಲ್ಲಿಗಾದರೂ ಹೋಗುವ ದಾರಿ. ತಯಾರಿಸಿದವರು ಜಾಹೀರಾತಿನಲ್ಲಿ ಹೇಳದ, ಊಹೆ ಮಾಡಿದವರ ಬಾಯಲ್ಲಿ ಬಾರದ ಗುಣವೊಂದನ್ನು ಅದರಲ್ಲಿ ಪತ್ತೆ ಮಾಡಿದವರು ಅವರು.

ಐಬಾಟ್ ಹತ್ತು ವರ್ಷಗಳ ನಂತರ, 2019ರಲ್ಲಿ, ಇನ್ನೊಂದು ಕಂಪನಿಯ ಕೈಯಲ್ಲಿ ಮತ್ತೆ ಮಾರಾಟಕ್ಕೆ ಬಂತು. ಮೊದಲಿಗಿಂತ ಹಗುರ, ಬ್ಯಾಟರಿಯೂ ಉತ್ತಮ. ಮೆಟ್ಟಿಲು ಹತ್ತುತ್ತದೆ, ಎದ್ದು ನಿಲ್ಲುತ್ತದೆ. ಅದು ಬರುವ ಮುನ್ನ ಒಳಗೆ ಏನಡಗಿದೆಯೆಂದು ಯಾವ ಜಗುಲಿಯಲ್ಲೂ ಗದ್ದಲವಾದದ್ದು ನನ್ನ ಕಿವಿಗೆ ಬೀಳಲಿಲ್ಲ.